ಮುಳ್ಳು ಸರಿಸಿದ ಅಮಾವಾಸ್ಯೆ

ಕೋಥರೂಡದ ನಮ್ಮ ಹೌಸಿಂಗ್ ಸೊಸೈಟಿಯ ಹಿಂದಿನ ಗೇಟು ದಾಟಿ ಹತ್ತು ನಿಮಿಷ ಏರಿದರೆ ಟೇಕಡಿ. ಗುಡ್ಡಕ್ಕೆ ಇಲ್ಲಿ ಹಾಗನ್ನುತ್ತಾರೆ. ತೊಂಬತ್ತರ ದಶಕದ ನಡುವಿನಲ್ಲಿ ಧಾರವಾಡದಿಂದ ಈ ಮರಾಠಿ ಊರಿಗೆ ಬಂದು ಎರಡು ವರ್ಷವಾದರೂ ನಾನು ಅದರ ಕಡೆ ತಲೆಯೆತ್ತಿ ನೋಡಿರಲಿಲ್ಲ. ಕಲ್ಲು, ಒಣ ಹುಲ್ಲು, ಇದೂ ಒಂದು ಗುಡ್ಡವೇ ಎಂದು ಮೂಗು ಮುರಿಯುತ್ತಿದ್ದೆ. ಯಜಮಾನರು ನಸುಕಿನಲ್ಲೇ ಚಿಂಚವಾಡದ ಕಾರ್ಖಾನೆಗೆ ಬಸ್ಸು ಹಿಡಿಯುತ್ತಿದ್ದರು. ಎಂಟು ವರ್ಷದ ಮಗಳು, ಐದು ವರ್ಷದ ಮಗ ಮೆಟ್ಟಿಲ ಮೇಲೆ ಆಡುತ್ತಲೇ ಮರಾಠಿ ಕಲಿತುಬಿಟ್ಟಿದ್ದರು. ನನಗೆ ಮಾತ್ರ ನಾಲಿಗೆ ಹೊರಳುತ್ತಿರಲಿಲ್ಲ.

ಆ ವರ್ಷ ಎಳ್ಳ ಅಮಾವಾಸ್ಯೆ ಭಾನುವಾರ ಬಂತು. ನಮ್ಮ ಕಡೆ ಅವತ್ತು ಹೊಲಕ್ಕೆ ಹೋಗಿ, ಐದು ಕಲ್ಲಿಟ್ಟು ಪಾಂಡವರೆಂದು ಪೂಜಿಸಿ, ಭೂಮಿತಾಯಿ ಉಣ್ಣಲೆಂದು ಮಾಡಿದ ಅಡುಗೆಯನ್ನೆಲ್ಲ ಸ್ವಲ್ಪ ಸ್ವಲ್ಪ ಕಲಸಿ ಪೈರಿನ ಮೇಲೆ ಚೆಲ್ಲುತ್ತಾರೆ. ಅದಕ್ಕೆ ಚರಗ ಎನ್ನುತ್ತಾರೆ. ಎರಡು ವರ್ಷ ಚರಗವಿಲ್ಲದೆ ಕಳೆದಿತ್ತು. ಹೊಲವಿಲ್ಲದಿದ್ದರೆ ಟೇಕಡಿಯೇ ಸೈ ಎಂದು ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ ಕಟ್ಟಿಕೊಂಡು ಮಕ್ಕಳೊಂದಿಗೆ ಹತ್ತಿದೆ.

ಮೇಲೆಲ್ಲ ಒಣಗಿ ಹಳದಿಯಾಗಿತ್ತು. ಹಸಿರೆಂದರೆ ಮೊಣಕಾಲೆತ್ತರದ ಒಂದು ಬೇವಿನ ಸಸಿ.

"ಅವ್ವಾ, ಇದ ನಮ್ಮ ಹೊಲ!" ಎಂದಳು ಮಗಳು.

ಯಾರೋ ಸಸಿಯ ಸುತ್ತ ಜಾಲಿಮುಳ್ಳಿನ ಬೇಲಿ ಕಟ್ಟಿದ್ದರು. ಕಲ್ಲಿಡಲು ಜಾಗ ಬೇಕಲ್ಲ, ನಾನು ಮುಳ್ಳನ್ನು ಎಳೆದು ಪಕ್ಕಕ್ಕೆ ಹಾಕಿದೆ. ಮಗಳು ಕುಂಕುಮ ಹಚ್ಚಿದಳು, ಬುಡದ ಸುತ್ತ ತಾನೇ ಚರಗ ಚೆಲ್ಲಿದಳು. ಮಗ ಚೆಲ್ಲಿದ್ದಕ್ಕಿಂತ ತಿಂದದ್ದೇ ಹೆಚ್ಚು. ಹೊಟ್ಟೆ ತುಂಬಿತು, ಬಿಸಿಲೇರಿತು, ಮೂವರೂ ಇಳಿದು ಬಂದೆವು. ಮುಳ್ಳನ್ನು ತಿರುಗಿ ಇಡುವ ನೆನಪು ನನಗೆ ಆಗಲೇ ಇಲ್ಲ.

ಹಕ್ಕಿಗಳು ಚರಗ ತಿಂದವೋ ಇಲ್ಲವೋ ನೋಡಬೇಕೆಂದು ಮರುದಿನ ಬೆಳಿಗ್ಗೆಯೇ ಮಗಳು ಹಟ ಹಿಡಿದಳು. ಹೋಗಿ ನೋಡಿದರೆ ಹೋಳಿಗೆಯ ವಾಸನೆಗೆ ಆಡುಗಳು ಬಂದು, ಚರಗದ ಜೊತೆ ಸಸಿಯನ್ನೂ ಮೇದು ಹೋಗಿದ್ದವು. ಬೆರಳುದ್ದದ ಕಡ್ಡಿ ಉಳಿದಿತ್ತು. ಅದರ ಮುಂದೆ ಪಕ್ಕದ ಕಟ್ಟಡದ ನಿವೃತ್ತ ಹಿರಿಯರೊಬ್ಬರು ಎರಡು ನೀರಿನ ಕ್ಯಾನುಗಳ ನಡುವೆ ಕುಕ್ಕರುಗಾಲಲ್ಲಿ ಕೂತಿದ್ದರು. ದಿನಾ ಕ್ಯಾನು ಹೊತ್ತು ಈ ಮನುಷ್ಯ ಎಲ್ಲಿಗೆ ಹೋಗುತ್ತಾರೆಂದು ನನಗೆ ಅವತ್ತು ತಿಳಿಯಿತು. ಮಕ್ಕಳು ಅವರನ್ನು ಆಜೋಬಾ, ಅಂದರೆ ಅಜ್ಜ, ಎಂದು ಕರೆಯುತ್ತಿದ್ದರು.

"ಆ ಗಿಡದ ಬುಡಕ್ಕ ಚೆಲ್ಲಬೇಕಾಗಿತ್ತೇನ ನಿನಗ?" ಎಂದು ನಾನು ಮಗಳ ರಟ್ಟೆ ಹಿಡಿದು ಮೆಲ್ಲಗೆ ಗದರಿದೆ. ತಪ್ಪು ಮಾಡಿದಾಗ ನನಗೆ ಮೊದಲು ಬರುವುದು ಸಿಟ್ಟೇ.

ಇದನ್ನು ಯಾರು ಮಾಡಿದ್ದೆಂದು ಆಜೋಬಾ ಮರಾಠಿಯಲ್ಲಿ ಕೇಳಿದರು. ಮಗಳು ಒಂದು ಹೆಜ್ಜೆ ಮುಂದೆ ಬಂದು, "ಮೀ, ಆಜೋಬಾ", ನಾನೇ ಅಜ್ಜಾ, ಎಂದಳು. ನಾನು ಎಂದು ಹೇಳಬೇಕಾಗಿದ್ದವಳು ತುಟಿ ಪಿಟಕ್ಕೆನ್ನದೆ ನಿಂತೆ. ಆಜೋಬಾ ಬೈಯಲಿಲ್ಲ. ಬೇರು ಬದುಕಿದ್ದರೂ ಇರಬಹುದು, ನೀರು ಹಾಕುತ್ತೀಯಾ ಎಂದರು. ಅವಳು ಹೂಂ ಎಂದು ತಲೆಯಾಡಿಸಿದಳು.

ಅಂದಿನಿಂದ ಶಾಲೆಗೆ ಮುಂಚೆ ದಿನಾ ಟೇಕಡಿ. ಅವಳ ಕೈಯಲ್ಲಿ ನೀರಿನ ಬಾಟಲಿ, ಹಿಂದೆ ಕಣ್ಣುಜ್ಜುತ್ತ ಮಗ, ಅವರ ಹಿಂದೆ ಏದುಸಿರು ಬಿಡುತ್ತ ನಾನು. ಕಡ್ಡಿ ಕಡ್ಡಿಯಾಗಿಯೇ ಇತ್ತು. ಆದರೆ ಆ ನೆವದಲ್ಲಿ ನಾವು ಏನೆಲ್ಲ ಕಂಡೆವು! ಸಡಿಲ ಮಣ್ಣಿನಲ್ಲಿ ಆಲಿಕೆಯಂಥ ಕುಳಿ ತೋಡಿ ಇರುವೆಗೆ ಕಾಯುವ ಹುಳವನ್ನು ನೋಡುತ್ತ ಮಗ ಬೋರಲು ಮಲಗಿಬಿಡುತ್ತಿದ್ದ, ಯೂನಿಫಾರ್ಮ್ ಕೆಂಪಾಗುತ್ತಿತ್ತು. ಒಮ್ಮೆ ನವಿಲು ನಮ್ಮ ಕಣ್ಣೆದುರೇ ದಾರಿ ದಾಟಿತು. ಮುಂಗುಸಿ ಕಂಡರೆ ಪರೀಕ್ಷೆ ಸುಲಭ ಎಂದು ಮಕ್ಕಳೇ ಶಾಸ್ತ್ರ ಮಾಡಿಕೊಂಡಿದ್ದರು. ಆಜೋಬಾ ಹಕ್ಕಿಗಳ ಹೆಸರು ಮರಾಠಿಯಲ್ಲಿ ಹೇಳುವರು, ನಾನು ಗೊತ್ತಿದ್ದಷ್ಟನ್ನು ಕನ್ನಡದಲ್ಲಿ ಹೇಳುವೆ. ಮೂಗು ಮುರಿದ ಗುಡ್ಡ ನನಗೆ ದಿನದ ಮೊದಲ ಸುಖವಾಯಿತು. ಇಳಿಯುವಾಗ ಮಾತ್ರ ಮಗಳು ತಿರುಗಿ ತಿರುಗಿ ಕಡ್ಡಿಯ ಕಡೆ ನೋಡುವಳು. ಮುಳ್ಳು ತೆಗೆದದ್ದು ನಾನೆಂದು ಆಜೋಬಾಗೆ ನಾಳೆ ಹೇಳಿದರಾಯಿತು ಎಂದುಕೊಳ್ಳುತ್ತಲೇ ಚಳಿಗಾಲ ಮುಗಿಯಿತು.

ಯುಗಾದಿಯ ಹೊತ್ತಿಗೆ ಕಡ್ಡಿಯ ಬುಡದಲ್ಲಿ ತಾಮ್ರದ ಬಣ್ಣದ ಎರಡು ಚಿಗುರು ಕಂಡವು. ಮಗಳು ಆಜೋಬಾರ ಕೈ ಹಿಡಿದು ಕುಣಿದಳು. ನನಗೆ ಇನ್ನು ತಡೆಯಲಾಗಲಿಲ್ಲ. ಮುಳ್ಳು ತೆಗೆದವಳು ನಾನು, ಮರೆತವಳೂ ನಾನೇ ಎಂದು ನನ್ನ ಹರಕುಮುರುಕು ಮರಾಠಿಯಲ್ಲಿ ಒದರಿಬಿಟ್ಟೆ. ಅವರು ನನ್ನನ್ನೊಮ್ಮೆ, ಮಗಳನ್ನೊಮ್ಮೆ ನೋಡಿದರು. ಆಮೇಲೆ ಒಂದು ಖಾಲಿ ಕ್ಯಾನು ಎತ್ತಿ ನನ್ನ ಕೈಗೆ ಕೊಟ್ಟು, ನಾಳೆಯಿಂದ ಇದು ನಿನ್ನದು ಎಂದರು. ಎಷ್ಟು ಹಗುರವಾಗಿತ್ತೆಂದರೆ ನನಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು.

ಇಳಿಯುವ ದಾರಿಯಲ್ಲಿ ಮಗಳನ್ನು ಕೇಳಿದೆ: "ಮುಳ್ಳು ತಗದಾಕಿ ನಾನು ಅಂತ ನಿನಗ ಗೊತ್ತಿತ್ತೇನ?"

"ಗೊತ್ತಿತ್ತ. ನಾ ಅಲ್ಲೇ ನಿಂತಿದ್ದೆನಲ್ಲ."

"ಮತ್ತ ಅವತ್ತ ಯಾಕ ನಾ ಮಾಡೇನಿ ಅಂದಿ?"

ಅವಳು ನಡೆಯುತ್ತಲೇ ಹೇಳಿದಳು: "ನಿನಗ ಮರಾಠಿ ಬರೂದಿಲ್ಲಲ್ಲವ್ವಾ. ಅವರು ಬೈದ್ರ ನೀ ಏನಂತ ಹೇಳ್ತಿದ್ದಿ?"