ಸಂಪಿಗೆಯವಳ ಹೆಸರು

ನಮ್ಮ ಅಪ್ಪನಿಗೆ ಮನೆಯ ಎಮ್ಮೆಗಳ ಹೆಸರು ಮೂರು ತಲೆಮಾರಿನವರೆಗೆ ಬಾಯಿಪಾಠ. ಯಾವುದು ಯಾವುದರ ಮಗಳು, ಯಾವುದು ಒದೆಯುತ್ತಿತ್ತು, ಯಾವುದನ್ನು ತಿಪಟೂರು ಸಂತೆಗೆ ಹೊಡೆದದ್ದು, ಎಲ್ಲ ಹೇಳುತ್ತಿದ್ದ. ಹೆತ್ತ ತಾಯಿಯ ಹೆಸರು ಮಾತ್ರ ಅವನಿಗೆ ಗೊತ್ತಿರಲಿಲ್ಲ. ಇದನ್ನು ಹೇಳಿಕೊಳ್ಳಲು ನನಗೆ ಇವತ್ತಿಗೂ ನಾಚಿಕೆ, ಅದಕ್ಕಿಂತ ಹೆಚ್ಚಾಗಿ ಸಿಟ್ಟು.

ಅಪ್ಪನಿಗೆ ಹಲ್ಲು ಬರುವ ಮೊದಲೇ ಆಕೆ ಜ್ವರದಲ್ಲಿ ತೀರಿಕೊಂಡಳು. ವರ್ಷ ತಿರುಗುವುದರೊಳಗೆ ತಾತ ಇನ್ನೊಂದು ಮದುವೆಯಾದ. ಅಪ್ಪನಿಗೆ ‘ಅವ್ವ’ ಎಂದು ಕರೆಯಲು ಸಿಕ್ಕಿದವಳು ಆ ಚಿಕ್ಕವ್ವ. ಅಪ್ಪನ ತಟ್ಟೆಗೆ ಬಡಿಸುವಾಗ ಮಾತ್ರ ಅವಳ ಕೈ ಬಿಗಿಯಾಗುತ್ತಿತ್ತಂತೆ.

ಮಹಾಲಯ ಅಮಾವಾಸ್ಯೆಗೆ ನಮ್ಮಲ್ಲಿ ಸತ್ತವರಿಗೆ ಎಡೆ ಇಡುತ್ತಾರೆ. ಹೊಸ ಬಟ್ಟೆ ಇಟ್ಟು, ಬಾಳೆಯೆಲೆಗೆ ಬಡಿಸಿ, ಒಬ್ಬೊಬ್ಬರನ್ನೇ ಹೆಸರು ಹಿಡಿದು ಊಟಕ್ಕೆ ಕರೆದು, ಬಾಗಿಲು ಹಾಕಿಕೊಂಡು ಹೊರಗೆ ಕೂರಬೇಕು. ಆಗ ನಾನು ಶೆಟ್ಟಿಕೆರೆಯ ಸೊಸೆ, ಅಲ್ಲಿನ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ಎಪ್ಪತ್ತರ ದಶಕದ ಕೊನೆಯ ಒಂದು ಹಬ್ಬಕ್ಕೆ ತವರೂರು ದಂಡಿನಶಿವರಕ್ಕೆ ಬಂದಾಗ, ಹಾಕಿದ ಬಾಗಿಲಿನ ಮುಂದೆ ಕೂತು ಅಪ್ಪ ಹೇಳಿದ:

“ಅವ್ವಾ ಬಾ ಅಂತ ಕರುದ್ರೆ ಚಿಕ್ಕವ್ವ ಬಂದು ಉಂಡ್ಬುಟ್ಟು ಹೋಗ್ತಾಳೆ ಕಣವ್ವ. ಬದುಕಿದ್ದಾಗ ನನ್ ಪಾಲು ಉಂಡ್ಲು, ಈಗ ನಮ್ಮವ್ವನ ಪಾಲು. ನೀನು ಓದಿದೋಳು, ಎಲ್ಲಾದ್ರೂ ಹುಡುಕು. ನಾನು ಸಾಯೋದ್ರೊಳಗೆ ಒಂದ್ಸಲನಾದ್ರೂ ಅವ್ಳಿಗೆ ಒಂದು ತುತ್ತು ಮುಟ್ಲಿ.”

ಮನೆಯಲ್ಲಿ ಕೇಳೋಣವೆಂದರೆ ಆ ಹೆಸರು ಬಲ್ಲವರೆಲ್ಲ ಎಡೆಯ ಸಾಲಿನಲ್ಲೇ ಇದ್ದರು. ಊರಿನವರಿಗೆ ಅವಳು ಸಂಪಿಗೆಯವಳು, ಅಷ್ಟೇ. ಸೊಸೆಯನ್ನು ತವರೂರು ಹೇಳಿ ಕರೆಯುವುದು ನಮ್ಮ ಕಡೆಯ ಪದ್ಧತಿ. ಗಂಡನಿಗೆ ಅವಳು ‘ಇವಳೇ’, ಊರಿಗೆ ‘ಸಂಪಿಗೆಯವಳು’. ತೊಟ್ಟಿಲಲ್ಲಿ ಇಟ್ಟ ಹೆಸರು ಮದುವೆಯ ಚಪ್ಪರದ ಜೊತೆಗೇ ಬಿಚ್ಚಿಹೋಗುತ್ತದೆ.

ಮೊದಲು ಊರಿನ ಹಳೆಯ ಶ್ಯಾನುಭೋಗರ ಮನೆಗೆ ಹೋದೆ. ಶ್ಯಾನುಭೋಗಿಕೆ ಹೋಗಿ ಎಷ್ಟೋ ವರ್ಷವಾಗಿದ್ದರೂ, ಅವರ ತಂದೆಯ ಕಾಲದ ಜನನ ಮರಣದ ಪುಸ್ತಕ ಪೆಟ್ಟಿಗೆಯಲ್ಲಿ ಉಳಿದಿತ್ತು. ಅರ್ಧ ಗೆದ್ದಲು ತಿಂದಿತ್ತು. ನಮ್ಮ ಸಾಲನ್ನು ಗೆದ್ದಲು ಬಿಟ್ಟಿತ್ತು. ತಿಂದಿದ್ದರೆ ಗೆದ್ದಲನ್ನಾದರೂ ಬೈದುಕೊಳ್ಳಬಹುದಿತ್ತು. ಶ್ಯಾನುಭೋಗರು ಕನ್ನಡಕ ಏರಿಸಿ ಓದಿದರು: “ಸಂಪಿಗೆಯವಳು. ಜ್ವರ. ಅಷ್ಟೇ ಕಣಮ್ಮ. ಸುದ್ದಿ ತರೋ ತೋಟಿ ಬಂದು ಹೇಗೆ ಹೇಳಿದ್ನೋ ಹಾಗೆ ಬರ್ಕೊಂಡಿದ್ದಾರೆ.”

ಪಹಣಿಯಲ್ಲಿ ಸಿಗಬಹುದೇ ಎಂದೆ. “ಅವರ ಹೆಸರಲ್ಲಿ ಜಮೀನಿತ್ತೇ? ಇಲ್ಲ ಅಂದ್ಮೇಲೆ ಸರ್ಕಾರಕ್ಕೆ ಅವರ ಹೆಸರು ಯಾಕೆ ಬೇಕಿತ್ತಮ್ಮ?” ಎಂದರು. ಒಳ್ಳೆಯ ಮನುಷ್ಯ. ಹೇಳಿದ್ದರಲ್ಲಿ ಸುಳ್ಳಿರಲಿಲ್ಲ, ಅದಕ್ಕೇ ಮೈ ಉರಿಯಿತು.

ಎರಡು ವರ್ಷ ಕಳೆದು, ಸುಗ್ಗಿ ಮುಗಿದ ಮೇಲೆ ಹೆಳವ ಬಂದ. ಒಕ್ಕಲು ಮನೆಗಳ ವಂಶಾವಳಿ ಬರೆದಿಟ್ಟುಕೊಂಡು, ಎತ್ತಿನೊಡನೆ ಊರೂರು ತಿರುಗಿ ಓದಿ ಹೇಳುವವರು ಹೆಳವರು. ಅಪ್ಪ ಹೇಳಿಕಳಿಸಿದ, ನಾನು ರಜೆ ಹಾಕಿ ಓಡಿಬಂದೆ. ಕೊಬ್ಬರಿ ಅಟ್ಟದ ಕೆಳಗೆ ಕಂಬಳಿ ಹಾಸಿ ಕೂರಿಸಿದ್ದರು. ಅಪ್ಪ ಮೀಸೆ ಬೇರೆ ತಿದ್ದಿಸಿಕೊಂಡಿದ್ದ, ಹೆಣ್ಣು ನೋಡಲು ಹೊರಟವನ ಹಾಗೆ. ಹೆಳವ ಏಳು ತಲೆಮಾರಿನ ಗಂಡಸರನ್ನು ಉಸಿರು ಕಟ್ಟಿ ಓದಿ ತಾತನ ಹತ್ತಿರ ಬಂದ.

“ಸಂಪಿಗೆ ಹೆಣ್ಣು ತಂದ್ರು, ಒಂದು ಗಂಡಾಯ್ತು. ಮತ್ತೆ ಸಂಪಿಗೆ ಹೆಣ್ಣು ತಂದ್ರು, ಎರಡು ಗಂಡಾಯ್ತು.”

“ಹೆಸ್ರು?” ಎಂದೆ.

“ಹೆಣ್ಣಿಗೆ ಊರು ಬರೀತೀವಿ ತಾಯಿ, ಹೆಸ್ರು ಬರ್ಯೋ ಪದ್ಧತಿ ಇಲ್ಲ.”

ಚಿಕ್ಕವ್ವನೂ ಸಂಪಿಗೆಯವಳೇ ಎಂಬುದು ನನಗೆ ಮೊದಲೇ ಗೊತ್ತಿತ್ತು. ಆದರೂ ಅದರ ಅರ್ಥ ಹೊಳೆದದ್ದು ಎರಡು ಸಾಲು ಒಟ್ಟಿಗೆ ಕಿವಿಗೆ ಬಿದ್ದಾಗ. ಒಬ್ಬ ಸಂಪಿಗೆಯವಳು ಹೋದಳು, ಇನ್ನೊಬ್ಬ ಸಂಪಿಗೆಯವಳು ಬಂದಳು. ಒಲೆ, ಒನಕೆ, ಕೂಸಿನ ಜೊತೆಗೆ ಆ ಕರೆಯುವ ಹೆಸರೂ ಎರಡನೆಯವಳ ಪಾಲಾಗಿತ್ತು. ಅಪ್ಪ ಹೆಳವನಿಗೆ ಕೊಡುವ ರಾಗಿ, ಕೊಬ್ಬರಿ ಕೊಟ್ಟು ಕೇಳಿದ:

“ನಿನ್ ಎತ್ತಿಗೆ ಏನಪ್ಪ ಹೆಸ್ರು?”

“ಬಸವ ಅಂತೀವಿ ಸ್ವಾಮಿ.”

“ಅದಕ್ಕಾದ್ರೂ ಐತಲ್ಲ ಬುಡು,” ಎಂದು ಅಪ್ಪ ತೋಟದ ಕಡೆ ಹೋದ.

ಉಳಿದದ್ದು ಸಂಪಿಗೆಯೊಂದೇ. ದೇವಸ್ಥಾನದ ಹತ್ತಿರ ಬಸ್ಸಿಳಿದು, ಕೇಳಿಕೊಂಡು ಕೇಳಿಕೊಂಡು ಒಂದು ಮನೆ ಮುಟ್ಟಿದೆ. ಜಗುಲಿಯ ಮೇಲೆ ಮುದುಕಿಯೊಬ್ಬಳು ಪೊರಕೆಗೆ ತೆಂಗಿನ ಗರಿ ಸೀಳಿ ಕಡ್ಡಿ ತೆಗೆಯುತ್ತಿದ್ದಳು. ನಾನು ಹುಡುಕುತ್ತಿದ್ದವಳ ಅಣ್ಣನ ಮಗಳು.

“ಯಾರವ್ವ ನೀನು?”

“ದಂಡಿನಶಿವರದೋಳು,” ಎಂದೆ. ದಿನಾ ಶಾಲೆಯ ಹಾಜರಿ ಪುಸ್ತಕದಲ್ಲಿ ನನ್ನ ಹೆಸರು ಬರೆಯುವ ನಾನು, ಹಾಗೆಂದೆ.

“ಅಯ್ಯೋ, ನಮ್ಮತ್ತೇನೂ ದಂಡಿನಶಿವರದೋಳೇ ಕಣೇ!” ಎಂದು ಮುದುಕಿ ಕೈ ಹಿಡಿದಳು. “ದಂಡಿನಶಿವರದತ್ತೆ ಅಂತಿದ್ವಿ. ಕೆಂಪಗಿದ್ಲಂತೆ. ದಂಡಿನಶಿವರಕ್ಕೆ ಕೊಟ್ಟೋಳು ಹೋಗ್ಬುಟ್ಲು ಅಂತ ಸುದ್ದಿ ಬಂದಾಗ ನಮ್ಮಪ್ಪ ಊಟ ಬುಟ್ಟಿದ್ದ.”

“ಹೆಸ್ರು ಏನಿತ್ತಜ್ಜಿ?”

ಮುದುಕಿ ಕಡ್ಡಿಯನ್ನು ಕೆಳಗಿಟ್ಟಳು. “ಹೆಸ್ರಾ? ದಂಡಿನಶಿವರದತ್ತೆ ಅಂತ್ಲೇ ಕಣವ್ವ.”

ಅಲ್ಲಿ ಇಲ್ಲಿಯವಳು, ಇಲ್ಲಿ ಅಲ್ಲಿಯವಳು. ಎರಡು ಊರಿನ ನಡುವೆ ಆ ಹೆಸರು ಎಲ್ಲಿ ಬಿದ್ದುಹೋಯಿತೋ. ಬಸ್ಸಿನಲ್ಲಿ ಮುಖಕ್ಕೆ ಸೆರಗು ಹಿಡಿದು ಅತ್ತೆ.

ಆ ವರ್ಷದ ಹಬ್ಬಕ್ಕೆ ಅಪ್ಪ ಒಂದು ಉಪಾಯ ಮಾಡಿದ. ಹೆಂಗಸರ ಕಡೆ ಎರಡು ಎಲೆ ಹಾಕಿಸಿದ. ಚಿಕ್ಕವ್ವ ಬಹಳ ಕಾಲ ಬದುಕಿದ್ದವಳು, ಅವಳ ಹೆಸರು ವೋಟರ್ ಲಿಸ್ಟಿನಲ್ಲೇ ಇತ್ತು. ಮೊದಲು ಆ ಹೆಸರು ಹಿಡಿದು ಕರೆದು, “ನಿಂದು ಈ ಎಲೆ, ಇಲ್ಲೇ ಕೂತ್ಕೊಂಡು ಹೊಟ್ಟೆ ತುಂಬ ಉಣ್ಣು,” ಎಂದ. ಆಮೇಲೆ ಇನ್ನೊಂದು ಎಲೆಯ ಮುಂದೆ ಬಗ್ಗಿ, “ಅವ್ವಾ,” ಎಂದ. ಬಾಗಿಲು ಹಾಕಿಕೊಂಡು ಹೊರಗೆ ಕೂತೆವು. ನನಗೆ ನಗುವೂ ಬಂತು, ಸ್ವಲ್ಪ ಆಸೆಯೂ ಆಯಿತು.

ಒಳಗೆ ಉಣ್ಣುವವರಿಗೆ ತಿಳಿಯಲೆಂದು ಕೆಮ್ಮಿ ಬಾಗಿಲು ತೆಗೆದ ಅಪ್ಪ ಆ ಎಲೆಯನ್ನೇ ನೋಡುತ್ತ ನಿಂತ.

“ಬಂದಿಲ್ಲ ಕಣವ್ವ. ಹೆಂಗ್ ಬಂದಾಳು? ನಂಗೆ ಮಾತು ಬರೋಕ್ ಮುಂಚೆ ಹೋದೋಳು. ನಾನು ಅವ್ಳನ್ನ ಅವ್ವಾ ಅಂತ ಒಂದು ದಿನಾನೂ ಕರುದಿಲ್ಲ. ಇವತ್ತು ಕರುದ್ರೆ ತನಗೇ ಅಂತ ಅವ್ಳಿಗೆ ಹೆಂಗ್ ಗೊತ್ತಾಗ್ಬೇಕು?”

ಮುಂದಿನ ಹಬ್ಬಕ್ಕೆ ಅಪ್ಪನ ಎಲೆಯೂ ಸಾಲಿಗೆ ಸೇರಿತು. ಈ ಸಲ ಎಡೆ ಇಟ್ಟವನು ನನ್ನ ತಮ್ಮ, ಅಪ್ಪನನ್ನು ಹೆಸರು ಹಿಡಿದು ಕರೆದ. ಹೆಂಗಸರ ಕಡೆ ಅಪ್ಪನ ಅವ್ವನ ಎಲೆಗೆ ಬಂದಾಗ ತಲೆಯೆತ್ತಿ ನನ್ನ ಮುಖ ನೋಡಿದ. ಅವನಿಗೆ ಹೇಳಿಕೊಡಲು ನನ್ನ ಹತ್ತಿರ ಏನೂ ಇರಲಿಲ್ಲ.