ಓಣಿಗೆ ಅಡ್ಡ ಕಟ್ಟಿದ ಬಿದಿರು

ಹಬ್ಬದ ಮೆರವಣಿಗೆಯಲ್ಲಿ ಜನ ತುಳಿತಕ್ಕೆ ಸಿಕ್ಕರೆ ಪತ್ರಿಕೆಯವರು ಈಗಲೂ ‘ನೂಕುನುಗ್ಗಲು’ ಎಂದು ಬರೆಯುತ್ತಾರೆ. ಓದಿದಾಗಲೆಲ್ಲ ಮೈ ಉರಿಯುತ್ತದೆ. ಜನ ಸುಮ್ಮನೆ ಸಾಯಲು ನುಗ್ಗುತ್ತಾರೆಯೇ? ಯಾವನೋ ಒಬ್ಬ ದಾರಿ ಮುಚ್ಚಿರುತ್ತಾನೆ. ಎಪ್ಪತ್ತರ ದಶಕದ ಕೊನೆಯಲ್ಲಿ, ಪುಣೆಯ ಒಂದು ಪೇಠೆಯಲ್ಲಿ, ಮುಚ್ಚಿದವನು ನಾನು.

ಮೆಟ್ರಿಕ್ ಮುಗಿಸಿ ಧಾರವಾಡದ ಕಡೆಯಿಂದ ಬಂದು ಗುಮಾಸ್ತನಾಗಿದ್ದೆ. ಗಣೇಶ ಮಂಡಳದ ಸ್ವಯಂಸೇವಕನೂ ಆಗಿದ್ದೆ. ಮೆರವಣಿಗೆಯ ಬೀದಿಗೆ ಒಂದು ಸಣ್ಣ ಓಣಿ ಸೇರುತ್ತಿತ್ತು. ಒತ್ತಡ ಹೆಚ್ಚಿದರೆ ಜನ ಹೊರಬೀಳಲು ಅದೊಂದೇ ದಾರಿ. ಕೈಗಾಡಿಗಳು ಬಾರದಂತೆ ಅದರ ಬಾಯಿಗೆ ಬಿದಿರು ಇಡುತ್ತಿದ್ದೆವು. ಕಟ್ಟುತ್ತಿರಲಿಲ್ಲ, ಹಗ್ಗದ ಕುಣಿಕೆಯಲ್ಲಿ ಇಡುತ್ತಿದ್ದೆವು, ಒಂದು ಕೈಯಿಂದ ಎತ್ತುವಂತೆ.

ಆ ವರ್ಷ ಮಂಡಳದ ಅಧ್ಯಕ್ಷರು ಅತಿಥಿಗಳ ಕುರ್ಚಿಗಳನ್ನು ಆ ಓಣಿಯೊಳಗೇ ಹಾಕಿಸಿದರು. “ಗಟ್ಟಿಯಾಗಿ ಕಟ್ಟು. ಕಟ್ಟಡ ಕೆಲಸದ ಕಾನಡಿಗಳು ಬರುತ್ತಾರೆ. ನಿನ್ನ ಜನ, ನೀನೇ ನೋಡಿಕೋ” ಎಂದು ಮರಾಠಿಯಲ್ಲಿ ಹೇಳಿ ನಕ್ಕರು. ಉಳಿದವರೂ ನಕ್ಕರು. ಕಾನಡಿಗಳು ಎಂದರೆ ಕನ್ನಡದ ಕೂಲಿಗಳು. ನಿನ್ನ ಜನ! ಇಸ್ತ್ರಿ ಅಂಗಿ ತೊಟ್ಟ ನನಗೆ ಆ ಮಾತು ಚುಚ್ಚಿತು. ನಾರಿನ ಹಗ್ಗ ನೀರಲ್ಲಿ ಅದ್ದಿ ಮೂರು ಗಂಟು ಹಾಕಿದೆ. ಒಣಗಿದಷ್ಟೂ ಅದು ಬಿಗಿಯುತ್ತದೆಂದು ಗೊತ್ತಿದ್ದೇ ಹಾಕಿದೆ.

ಸಂಜೆ ನಾಲ್ಕರ ಹೊತ್ತಿಗೆ ಮೆರವಣಿಗೆಯ ಮುಂದಿನ ಗಣಪತಿ ಗಾಡಿ ನಿಂತಿತು. ಹಿಂದಿನಿಂದ ಢೋಲಿನವರು ಬರುತ್ತಲೇ ಇದ್ದರು. ಕಲಬುರಗಿ ಕಡೆಯ ಹೆಂಗಸೊಬ್ಬಳು ಬಿದಿರಿಗೆ ಒತ್ತಿಕೊಂಡಿದ್ದಳು.

“ಅಣ್ಣಾ, ಬಿಚ್ರೀ! ಉಸುರು ಕಟ್ಟಲಕತ್ತದ!”

“ಮಾಗೇ ಸರಕಾ” ಎಂದೆ. ಹಿಂದೆ ಸರಿಯಿರಿ ಎಂದು, ಮರಾಠಿಯಲ್ಲಿ. ಎಲ್ಲಿಗೆ ಸರಿಯಬೇಕಿತ್ತು ಅವಳು?

ಪಕ್ಕದವಳು ಕೂಗಿದಳು: “ಗಣಪ್ಪಗರ ಕನ್ನಡ ತಿಳೀತದ, ಈ ಸಾಹೇಬಗ ತಿಳೀವಲ್ದು ನೋಡವ್ವಾ!”

ಕುರ್ಚಿಯ ಅತಿಥಿಗಳು ನನ್ನನ್ನೇ ನೋಡುತ್ತಿದ್ದರು. ತಿಳಿಯದವನಂತೆ ನಿಂತೆ. ಬಿದಿರಿಗೆ ಒತ್ತಿಕೊಂಡಿದ್ದವಳ ಮುಖ ಕಪ್ಪಿಟ್ಟ ಮೇಲೆ ಗಂಟಿಗೆ ಕೈ ಹಾಕಿದೆ. ಉಗುರು ಕಿತ್ತುಬಂದವು, ಗಂಟು ಬಿಚ್ಚಲಿಲ್ಲ. ಬಿದಿರು ಸೀಳಿತು, ಜನ ಒಬ್ಬರ ಮೇಲೊಬ್ಬರು ಬಿದ್ದರು. ಅವಳ ಬಲಗೈ ಬಿದ್ದವರ ಅಡಿಯಲ್ಲಿ ಸಿಕ್ಕಿ ಮುರಿಯಿತು. ನನ್ನ ಬೆರಳೂ ಸಿಕ್ಕಿ “ಅಯ್ಯ ಯವ್ವಾ!” ಎಂದು ಚೀರಿದೆ. ಬಿದ್ದಲ್ಲಿಂದಲೇ ಅವಳು ನನ್ನತ್ತ ನೋಡಿದಳು.

ಮೂರನೆಯ ದಿನ ಕೈಗೆ ಪ್ಲಾಸ್ಟರ್ ಹಾಕಿಕೊಂಡು ಮಂಡಳದ ಸಭೆಗೆ ಬಂದಳು. ನೇರ ನನಗೇ ಹೇಳಿದಳು: “ನಿಮಗ ಕನ್ನಡ ಬರ್ತದ, ನಾ ಕೇಳೀನಿ. ನನ್ನ ಕೈ ಹೋದ್ರ ಹೋಗ್ಲಿ. ಮುಂದಿನ ವರ್ಷ ಆ ಬಿದರು ಕಟ್ಟಬ್ಯಾಡ್ರಿ. ಇಷ್ಟು ಹೇಳ್ರಿ ಇವ್ರಿಗಿ.”

“ಏನನ್ನುತ್ತಾಳೆ?” ಎಂದರು ಅಧ್ಯಕ್ಷರು.

“ಗದ್ದಲದಲ್ಲಿ ತಾನೇ ಜಾರಿ ಬಿದ್ದಳಂತೆ” ಎಂದೆ, ಮರಾಠಿಯಲ್ಲಿ.

ಅಧ್ಯಕ್ಷರು ಸಭೆಯ ದಾಖಲೆಯಲ್ಲಿ ಅದನ್ನೇ ಬರೆಸಿದರು. ಪುಣೆಯಲ್ಲಿ ಇಟ್ಟಿಗೆ ಹೊತ್ತು ಅವಳೂ ನನ್ನ ಮಾತು ತಿಳಿಯುವಷ್ಟು ಮರಾಠಿ ಕಲಿತಿದ್ದಳು.

“ನಾ ಹಾಂಗ ಅಂದೇನ್ರಿ, ಅಣ್ಣಾ?”

ನಾನು ಬ್ಯಾಂಡೇಜು ಸುತ್ತಿದ ಬೆರಳು ನೋಡುತ್ತ ಕುಳಿತೆ. ಅವಳು ಎದ್ದು ಹೋದಳು.

ಆ ಅಧ್ಯಕ್ಷರನ್ನು ಇವತ್ತಿಗೂ ಬೈಯುತ್ತೇನೆ. ಆದರೆ ಅವರಿಗೆ ಅವಳ ಮಾತು ತಿಳಿದಿರಲಿಲ್ಲ. ತಿಳಿದವನು ನಾನೊಬ್ಬನೇ. ಮುಂದಿನ ವರ್ಷವೂ ಕುರ್ಚಿಗಳು ಆ ಓಣಿಯಲ್ಲೇ ಬಿದ್ದವು. ಹಗ್ಗ ನನ್ನ ಕೈಗೇ ಕೊಟ್ಟರು.

ಕಟ್ಟಿದೆ. ಒದ್ದೆ ಮಾಡಿಯೇ ಕಟ್ಟಿದೆ.