ಗೇಟಿನೆದುರಿನ ಚಹಾ

ನಮ್ಮ ಬ್ಯಾಂಕಿನ ನಾಶಿಕ್ ಕಚೇರಿಯಲ್ಲಿ ಅಕ್ರಮ ಹಣದ ಜಾಡು ಹಿಡಿಯುವುದು ನಮ್ಮ ಸಾಹೇಬರ ಕೆಲಸ; ನಾನು ಅವರ ಕೈಕೆಳಗಿದ್ದೆ. ಧಾರವಾಡದ ಕಡೆಯವರು. ದಿನವೂ ತಾವೇ ಕೂರುವ ಕುರ್ಚಿಯನ್ನೂ ಒಮ್ಮೆ ಅಲುಗಾಡಿಸಿ ನೋಡಿಯೇ ಕೂರುತ್ತಿದ್ದರು.

ಖಾತೆಯಲ್ಲಿ ಕೋಟಿಗಟ್ಟಲೆ ಓಡಾಡಿಸುವ ಕಾರ್ಖಾನೆ ನಿಜವಾಗಿಯೂ ನಡೆಯುತ್ತಿದೆಯೇ ಎಂದು ತಿಳಿಯಲು ಅವರು ಒಳಗೆ ಹೋಗುತ್ತಲೇ ಇರಲಿಲ್ಲ. ಗೇಟಿನೆದುರಿನ ಅಂಗಡಿಯಲ್ಲಿ ಚಹಾ ಕುಡಿಯುತ್ತ, ಒಳಗೆ ದಿನಕ್ಕೆ ಎಷ್ಟು ಚಹಾ ಹೋಗುತ್ತದೆಂದು ಮರಾಠಿಯಲ್ಲಿ ವಿಚಾರಿಸುತ್ತಿದ್ದರು. "ಕೆಲಸ ಮಾಡೂ ಮಂದಿ ಇದ್ರ ಚಹಾ ಕುಡೀಬೇಕಲ್ಲೋ ತಮ್ಮಾ," ಎನ್ನುವರು. ಸಿನ್ನರಿನ ಒಂದು ಕಂಪನಿಯ ಬಂಡವಾಳ ಬಯಲಾದದ್ದು ಹೀಗೆಯೇ. ಇಬ್ಬರ ಚಹಾದ ದುಡ್ಡನ್ನೂ ಯಾವಾಗಲೂ ನಾನೇ ಕೊಡುತ್ತಿದ್ದೆ.

ಒಮ್ಮೆ ಯಾರಿಗೂ ಹೇಳದೆ ನಾವಿಬ್ಬರೇ ಶೇಂದ್ರಾದ ಒಂದು ಕಾರ್ಖಾನೆಯ ಗೇಟಿಗೆ ಹೋದೆವು. ಕೇಳಿದ್ದೇ ತಡ, ಒಳಗೆ ನೂರಾರು ಕಪ್ಪು ಹೋಗುತ್ತವೆ ಎಂದು ಚಹಾದವನು ಉತ್ಸಾಹದಿಂದ ವರ್ಣಿಸಿದ. ನಾನು ದುಡ್ಡು ಕೊಡಹೋದರೆ, "ರಾಹೂ ದ್ಯಾ ಸಾಹೇಬ," ಇರಲಿ ಬಿಡಿ ಎಂದು ಕೈಮುಗಿದ.

ಕಾರು ಹತ್ತಿದ ಮೇಲೆ ಅವರು ಬಾಯಿಬಿಟ್ಟರು: "ಗಿರಾಕಿ ರೊಕ್ಕ ಕೊಟ್ರ ಒಲ್ಲೆ ಅನ್ನೂ ಚಹಾದಾವನ್ನ ಎಲ್ಲೆರ ನೋಡೀಯೇನು? ನಾವು ಬರೂದು ಅವಗ ಮೊದಲ ಗೊತ್ತಿತ್ತು. ಯಾರ ಹೇಳಿದ್ರು?"

ಆಮೇಲೆ ನನ್ನನ್ನೇ ನೋಡುತ್ತ ಕುಳಿತರು. ನಾನಂತೂ ಹೇಳಿರಲಿಲ್ಲ.

ಮರುದಿನ ಕ್ಯಾಂಟೀನಿನಲ್ಲಿ ಎಂದಿನಂತೆ ಇಬ್ಬರ ಚಹಾಕ್ಕೂ ದುಡ್ಡು ತೆಗೆದೆ. ಅವರು ಮೆಲ್ಲಗೆ ನನ್ನ ಕೈ ತಡೆದರು.

"ಬ್ಯಾಡ್ರಿ. ನನ್ನ ಚಹಾದ್ದು ನಾನ ಕೊಡ್ತೀನಿ."